ಹಡಗಿನಿಂದ ಇಳಿದು ಒಂಬತ್ತು ದಿನ, ನೆಲ ಇನ್ನೂ ತೂಗುತ್ತಿದೆ

ಹಿತ್ತಿಲಬಾಗಿಲು

ಏಳು ರಾತ್ರಿಯ ಹಡಗು ಪ್ರವಾಸ ಮುಗಿಸಿ ಮನೆಗೆ ಮರಳಿ ಇಂದಿಗೆ ಒಂಬತ್ತು ದಿನ. ನಾನು, ನಮ್ಮ ಯಜಮಾನರು, ಹನ್ನೊಂದು ವರ್ಷದ ಮಗಳು ಹೋಗಿದ್ದೆವು. ಮಗ ತೀರಿಕೊಂಡು ನಾಲ್ಕು ವರ್ಷವಾಯಿತು. ಆಗ ಅವನಿಗೆ ಆರು. ಜ್ವರವೆಂದು ಸೇರಿಸಿದ್ದು, ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಅಷ್ಟು ಹೇಳಿದರೆ ಸಾಕು.

ಹಡಗನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ನಮ್ಮ ವಿಷಯ ಯಾರಿಗೂ ಗೊತ್ತಿರದ ಜಾಗ ಬೇಕಿತ್ತು. ನೆಂಟರ ಮನೆಗೆ ಹೋದರೆ ಬಾಗಿಲಲ್ಲೇ ಧ್ವನಿ ತಗ್ಗಿಸಿ ಮಾತನಾಡಿಸುತ್ತಾರೆ. ನಾನು ನಕ್ಕರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಹಡಗಿನಲ್ಲಿ ಸಾವಿರಾರು ಜನ, ಒಬ್ಬರಿಗೂ ನಾವು ಯಾರೆಂದು ಗೊತ್ತಿರುವುದಿಲ್ಲ ಎಂದುಕೊಂಡೆ. ಗೊತ್ತಿಲ್ಲದವರು ಕೇಳುತ್ತಾರೆ ಎನ್ನುವುದು ಹೊಳೆದಿರಲಿಲ್ಲ.

ಮೊದಲ ದಿನವೇ ಶುರುವಾಯಿತು. ಬಂದರು ಬಿಡುವ ಮೊದಲು ಎಲ್ಲರನ್ನೂ ಒಂದೆಡೆ ಸೇರಿಸಿ ಸುರಕ್ಷತಾ ಅಭ್ಯಾಸ ಮಾಡಿಸಿದರು. ಏಳು ಸಲ ಗಿಡ್ಡನೆಯ ಸೈರನ್, ಕೊನೆಗೊಂದು ಉದ್ದನೆಯದು. ಚಿಕ್ಕ ಮಕ್ಕಳ ಮಣಿಕಟ್ಟಿಗೆ ಕಟ್ಟಲು ಒಂದು ಪಟ್ಟಿ ಕೊಡುತ್ತಾರೆ, ಅವರು ಸೇರಬೇಕಾದ ಜಾಗದ ಸಂಖ್ಯೆ ಅದರ ಮೇಲಿರುತ್ತದೆ. ಸಿಬ್ಬಂದಿಯ ಹುಡುಗಿ ಪಟ್ಟಿಗಳ ಸುರುಳಿ ಹಿಡಿದು ಬಂದು, ಎಷ್ಟು ಬೇಕು ಎಂದು ಕೇಳಿದಳು. ಯಜಮಾನರು ಒಂದು ಬೆರಳು ಎತ್ತಿದರು. ಅದು ಸರಿಯೇ, ಬೇಕಾಗಿದ್ದುದು ಒಂದೇ. ಆದರೂ ಆ ಎತ್ತಿದ ಬೆರಳು ನನ್ನ ಕಣ್ಣಿನಲ್ಲಿ ನಿಂತುಬಿಟ್ಟಿತು.

ಎರಡನೆಯ ರಾತ್ರಿ ನಮ್ಮ ಮೇಜಿಗೆ ವಯಸ್ಸಾದ ದಂಪತಿ ಬಂದರು, ಬಹಳ ಒಳ್ಳೆಯವರು. "ಮಕ್ಕಳೆಷ್ಟು?" ಎಂದು ಆ ಅಮ್ಮ ಕೇಳಿದರು. ನಾನು "ಇಬ್ಬರು" ಎಂದೆ. ಅದೇ ಕ್ಷಣ, ಅದೇ ಉಸಿರಿನಲ್ಲಿ ಇವರು "ಒಬ್ಬಳು" ಎಂದರು. ಇಬ್ಬರ ಮಾತೂ ಮೇಜಿನ ಮೇಲೆ ಒಟ್ಟಿಗೇ ಬಿದ್ದವು. ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಆ ಅಮ್ಮ ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿ, ಕಿಟಕಿಯಾಚೆ ಕಾಣುತ್ತಿದ್ದ ಇನ್ನೊಂದು ಹಡಗಿನ ದೀಪಗಳ ಕಡೆಗೆ ಮಾತು ತಿರುಗಿಸಿದರು. ಮತ್ತೆ ಐದು ರಾತ್ರಿ ಅದೇ ಮೇಜು. ಅವರು ಮತ್ತೆ ಕೇಳಲಿಲ್ಲ, ನಾವೂ ಹೇಳಲಿಲ್ಲ. ಕ್ಯಾಬಿನ್ನಿಗೆ ಬಂದ ಮೇಲೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಇಂದಿಗೂ ಎತ್ತಿಲ್ಲ.

ಕೊನೆಯ ರಾತ್ರಿಯದು ನನ್ನದೇ ತಪ್ಪು. ದೊಡ್ಡ ಪೆಟ್ಟಿಗೆಗಳಿಗೆ ಬಣ್ಣದ ಚೀಟಿ ಕಟ್ಟಿ ರಾತ್ರಿಯೇ ಬಾಗಿಲ ಹೊರಗಿಡಬೇಕು, ಬೆಳಿಗ್ಗೆ ದಡದಲ್ಲಿ ಸಿಗುತ್ತವೆ. ನಮ್ಮದು ನೀಲಿ ಚೀಟಿ. ಇಟ್ಟು ಮಲಗಿದೆ. ರಾತ್ರಿ ಒಂದು ಗಂಟೆಗೆ ಎದೆ ಧಸಕ್ಕೆಂದಿತು. ಅವನ ಹಳದಿ ಅಂಗಿ ಆ ಪೆಟ್ಟಿಗೆಯಲ್ಲಿತ್ತು. ಹೋದಲ್ಲೆಲ್ಲ ಅದನ್ನು ಒಯ್ಯುತ್ತೇನೆ, ಯಾವಾಗಲೂ ಕೈಚೀಲದಲ್ಲೇ. ಅದರ ಎರಡನೆಯ ಗುಂಡಿಯನ್ನು ನೀಲಿ ದಾರದಲ್ಲಿ ಹೊಲಿದಿದ್ದೇನೆ, ಆ ದಿನ ಮನೆಯಲ್ಲಿ ಹಳದಿ ದಾರ ಇರಲಿಲ್ಲ. ಬಾಗಿಲು ತೆರೆದು ನೋಡಿದರೆ ಓಣಿ ಖಾಲಿ. ಆ ತುದಿಯಿಂದ ಈ ತುದಿಯವರೆಗೆ ಒಂದೂ ಪೆಟ್ಟಿಗೆ ಇಲ್ಲ. ಇವರು ಬರಿಗಾಲಲ್ಲಿ ಓಣಿಯ ಕೊನೆಯವರೆಗೆ ಹೋಗಿ ಬಂದು, "ಬೆಳಿಗ್ಗೆ ಸಿಗುತ್ತದೆ" ಎಂದರು. ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ದಡದ ಆ ದೊಡ್ಡ ಸಭಾಂಗಣದಲ್ಲಿ ನೀಲಿ ಚೀಟಿಯ ಸಾಲು ಹುಡುಕಿ, ಪೆಟ್ಟಿಗೆ ಸಿಕ್ಕಿದ ಕೂಡಲೇ ಅಲ್ಲೇ ನೆಲದ ಮೇಲೆ ಬಿಚ್ಚಿದೆ. ಅಂಗಿ ಇತ್ತು. ಜನ ನನ್ನನ್ನು ಸುತ್ತಿ ಬಳಸಿ ಹೋಗುತ್ತಿದ್ದರು.

ಈಗ ಮನೆಯಲ್ಲಿದ್ದೇನೆ, ಆದರೆ ನೆಲ ತೂಗುತ್ತಿದೆ. ನಿಂತರೆ ತೂಗುತ್ತದೆ, ಮಲಗಿದರೆ ಮಂಚ ತೂಗುತ್ತದೆ. ನಿನ್ನೆ ಪಾತ್ರೆ ತೊಳೆಯುತ್ತಾ ನಿಂತಿದ್ದಾಗ ನನಗರಿವಿಲ್ಲದೆ ಎಡಗಾಲಿನಿಂದ ಬಲಗಾಲಿಗೆ, ಬಲಗಾಲಿನಿಂದ ಎಡಗಾಲಿಗೆ ಭಾರ ಹಾಕುತ್ತಿದ್ದೆ. ಹೆಗಲ ಮೇಲೆ ಮಗು ಹಾಕಿಕೊಂಡು ನಿದ್ದೆ ಮಾಡಿಸುವಾಗ ನಿಲ್ಲುತ್ತೇವಲ್ಲ, ಹಾಗೆ. ಕೈಯಲ್ಲಿದ್ದ ಲೋಟ ಸಿಂಕಿಗೆ ಬಿತ್ತು.

ಎರಡು ಪ್ರಶ್ನೆ. ಈ ತೂಗಾಟ ಎಷ್ಟು ದಿನ ಇರುತ್ತದೆ? ಆ ಮೇಜಿನಲ್ಲಿ ಸರಿಯಾದ ಉತ್ತರ ಯಾರದು, ನನ್ನದೋ ಇವರದೋ?

ಕಿವಿಮೂಗುಗಂಟಲು

ಮೊದಲ ಪ್ರಶ್ನೆಗಷ್ಟೇ ನಾನು ಉತ್ತರಿಸಬಲ್ಲೆ, ಮೇಡಂ. ಎರಡನೆಯದು ನನ್ನ ವಿಭಾಗಕ್ಕೆ ಬರುವುದಿಲ್ಲ.

ಸಮತೋಲನ ನೋಡಿಕೊಳ್ಳುವ ಅಂಗ ಒಳಗಿವಿಯಲ್ಲಿದೆ. ಹಡಗಿನ ಓಲಾಟಕ್ಕೆ ಮಿದುಳು ಒಂದೆರಡು ದಿನದಲ್ಲಿ ಹೊಂದಿಕೊಂಡು, ಪ್ರತಿ ಓಲಾಟವನ್ನೂ ಮೊದಲೇ ಊಹಿಸಿ ದೇಹವನ್ನು ಸರಿದೂಗಿಸಲು ಕಲಿಯುತ್ತದೆ. ನೆಲಕ್ಕೆ ಇಳಿದ ಮೇಲೆ ಓಲಾಟ ನಿಲ್ಲುತ್ತದೆ, ಕಲಿತ ಪಾಠ ನಿಲ್ಲುವುದಿಲ್ಲ. ಇದಕ್ಕೆ ಫ್ರೆಂಚ್ ಭಾಷೆಯಿಂದ ಬಂದ 'ಮಾಲ್ ದ ದೆಬಾರ್ಕ್‌ಮಾ' ಎಂಬ ಹೆಸರಿದೆ, ಹಡಗಿನಿಂದ ಇಳಿದ ಮೇಲಿನ ಅಸ್ವಸ್ಥತೆ ಎಂದು ಅರ್ಥ. ಹೆಚ್ಚಿನವರಿಗೆ ಎರಡು ದಿನದೊಳಗೆ ಹೋಗುತ್ತದೆ. ಕೆಲವರಿಗೆ ವಾರಗಳು ಹಿಡಿಯುತ್ತವೆ. ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ತೊಂದರೆ ಎಂದು ಪರಿಗಣಿಸುತ್ತೇವೆ. ನಡುವಯಸ್ಸಿನ ಹೆಂಗಸರಲ್ಲಿ ಇದು ಹೆಚ್ಚು. ನಿದ್ದೆಗೆಟ್ಟರೆ, ಮನಸ್ಸಿಗೆ ಒತ್ತಡವಾದರೆ ಜಾಸ್ತಿಯಾಗುತ್ತದೆ.

ಒಂದು ಗುರುತು: ಕಾರಿನಲ್ಲೋ ಬಸ್ಸಿನಲ್ಲೋ ಕುಳಿತು ಹೋಗುವಾಗ ತೂಗಾಟ ಕಡಿಮೆಯಾಗಿ, ಇಳಿದ ಕೂಡಲೇ ಮರಳಿದರೆ ಇದೇ ಎನ್ನಬಹುದು. ಮನೆಯೇ ಗಿರಗಿರ ಸುತ್ತಿದಂತಾದರೆ, ಕಿವಿ ಮಂದವಾದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ ಕಾಯಬೇಡಿ, ಅಂದೇ ವೈದ್ಯರಲ್ಲಿಗೆ ಹೋಗಿ. ಇಲ್ಲದಿದ್ದರೂ ಒಂಬತ್ತು ದಿನವಾಗಿದೆ ಎಂದ ಮೇಲೆ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು. ಮಲಗಿಯೇ ಇರಬೇಡಿ, ನಡೆಯಿರಿ.

ಕೆಳಅಂತಸ್ತು

ಅಕ್ಕ, ನಾನು ಹಡಗುಗಳಲ್ಲಿ ಹನ್ನೊಂದು ವರ್ಷ ಕ್ಯಾಬಿನ್ ಕೆಲಸ ಮಾಡಿದವನು. ಪೆಟ್ಟಿಗೆಯ ರಾತ್ರಿಯ ಬಗ್ಗೆ ಹೇಳುತ್ತೇನೆ.

ನೀವು ಬಾಗಿಲ ಹೊರಗಿಟ್ಟದ್ದು ಮಾಯವಾಗುವುದಿಲ್ಲ. ರಾತ್ರಿ ಹತ್ತು, ಹನ್ನೊಂದರಿಂದ ನಾವು ಓಣಿ ಓಣಿಯಾಗಿ ಎತ್ತಿ ಸಾಮಾನಿನ ಲಿಫ್ಟ್‌ಗೆ ತುಂಬುತ್ತೇವೆ. ಕೆಳಗಿನ ಅಂತಸ್ತಿನಲ್ಲಿ ಹಡಗಿನ ಉದ್ದಕ್ಕೂ ಸಿಬ್ಬಂದಿಯ ಅಗಲವಾದ ಹಾದಿ ಇರುತ್ತದೆ, ಪ್ರಯಾಣಿಕರು ಅದನ್ನು ನೋಡಿಯೇ ಇರುವುದಿಲ್ಲ. ಅಲ್ಲಿ ಕಬ್ಬಿಣದ ಜಾಲರಿಯ ಗೂಡುಗಳಿಗೆ ಚೀಟಿಯ ಬಣ್ಣ ನೋಡಿ ಪೇರಿಸುತ್ತೇವೆ. ಹಡಗು ಕಟ್ಟಿದ ಮೇಲೆ ಫೋರ್ಕ್‌ಲಿಫ್ಟ್ ಗಾಡಿ ಆ ಗೂಡುಗಳನ್ನೇ ಎತ್ತಿ ದಡಕ್ಕೆ ಇಡುತ್ತದೆ. ಆ ರಾತ್ರಿ ಜನ ಏನೇನು ಮರೆತು ಒಳಗಿಟ್ಟು ಕಳುಹಿಸುತ್ತಾರೆ ಎನ್ನುವುದಕ್ಕೆ ಲೆಕ್ಕವಿಲ್ಲ: ಮಾತ್ರೆ, ಪಾಸ್‌ಪೋರ್ಟ್, ಹಲ್ಲಿನ ಸೆಟ್. ಬೆಳಿಗ್ಗೆ ತೊಡಲು ಬಟ್ಟೆಯೇ ಉಳಿಯದೆ ರಾತ್ರಿಯ ಉಡುಪಿನಲ್ಲೇ ಇಳಿದವರನ್ನೂ ಕಂಡಿದ್ದೇನೆ. ಒಂದು ಗಂಟೆಗೆ ಫೋನ್ ಮಾಡಿದ್ದರೆ ಬೈದುಕೊಂಡಾದರೂ ಹುಡುಕಿ ತಂದು ಕೊಡುತ್ತಿದ್ದೆವು. ಅಂಗಿ ಎಂದಿದ್ದರೆ ಬೈಯುತ್ತಲೂ ಇರಲಿಲ್ಲ.

ಇನ್ನು ಆ ಬೆರಳಿನ ವಿಷಯ. ದಯವಿಟ್ಟು ಅದನ್ನು ಮೇಜಿನ ಮಾತಿನ ಜೊತೆ ಸೇರಿಸಬೇಡಿ. 2012ರ ಜನವರಿ 13ರಂದು ಕೋಸ್ಟಾ ಕಾಂಕಾರ್ಡಿಯಾ ಎಂಬ ಪ್ರವಾಸಿ ಹಡಗು ಬಂಡೆಗೆ ಬಡಿದಾಗ, ಅಂದು ಸಂಜೆಯಷ್ಟೇ ಹತ್ತಿದ್ದ ನೂರಾರು ಮಂದಿಗೆ ಇನ್ನೂ ಸುರಕ್ಷತಾ ಅಭ್ಯಾಸ ಮಾಡಿಸಿರಲಿಲ್ಲ. ಹತ್ತಿದ 24 ಗಂಟೆಯೊಳಗೆ ಮಾಡಿಸಿದರೆ ಸಾಕು ಎಂಬ ನಿಯಮ ಆಗ ಇತ್ತು. ಆ ರಾತ್ರಿ 32 ಜನ ಸತ್ತರು. 2015ರಿಂದ ಹಡಗು ಹೊರಡುವ ಮೊದಲು, ತಪ್ಪಿದರೆ ಹೊರಟ ಕೂಡಲೇ ಮಾಡಿಸಬೇಕು. ಹೊರಡುವ ಮೊದಲು ಹಡಗಿನಲ್ಲಿರುವವರನ್ನೆಲ್ಲ ಎಣಿಸಬೇಕು ಎಂಬ ನಿಯಮವೂ ಇದೆ. ಆ ಎಣಿಕೆ ಜೀವರಕ್ಷಕ ದೋಣಿಗಾಗಿ. ಅಲ್ಲಿ ಒಂದು ಹೆಚ್ಚಾದರೆ ಇಲ್ಲದವರನ್ನು ಹುಡುಕುತ್ತಾ ಯಾರೋ ಒಳಗೇ ಉಳಿದುಬಿಡುತ್ತಾರೆ. ಅಲ್ಲಿ ಒಂದೇ ಬೆರಳು ಎತ್ತಬೇಕಾಗಿತ್ತು, ಅಣ್ಣ ಎತ್ತಿದರು. ಊಟದ ಮೇಜಿನ ಎಣಿಕೆ ಬೇರೆ.

ನೇರಮಾತು

ಎಲ್ಲರೂ ಬೆಣ್ಣೆ ಹಚ್ಚುತ್ತಿದ್ದೀರಿ, ನಾನು ಹೇಳಿಬಿಡುತ್ತೇನೆ. ನಾಲ್ಕು ವರ್ಷ ಸಣ್ಣ ಅವಧಿಯಲ್ಲ. ಪ್ರವಾಸಕ್ಕೂ ಅಂಗಿ ಹೊತ್ತುಕೊಂಡು ಹೋಗುವುದು, ನೆಲದ ಮೇಲೆ ಕುಳಿತು ಪೆಟ್ಟಿಗೆ ಬಿಚ್ಚುವುದು, ಇವು ಆರೋಗ್ಯದ ಲಕ್ಷಣವಲ್ಲ. ಬದುಕಿರುವ ಮಗಳಿಗೆ ಏಳು ದಿನದ ಖುಷಿ ಕೊಡಲು ಹೋದವರು ಅದನ್ನೂ ಕೆಡಿಸಿಕೊಂಡು ಬಂದಿರಿ. ಅಪರಿಚಿತರು ಕೇಳಿದರೆ ಒಬ್ಬಳು ಎನ್ನಿ, ಮುಗಿಯಿತು. ಊಟದ ಮೇಜು ನ್ಯಾಯಾಲಯವಲ್ಲ, ಪ್ರಮಾಣ ಮಾಡಿ ಸತ್ಯ ಹೇಳಬೇಕಾಗಿಲ್ಲ.

ಹಳೆಕಿಟಕಿ

ನೇರಮಾತು ಅವರೇ, ನೇರವಾಗಿರುವುದೆಲ್ಲ ಸರಿಯಾಗಿರಬೇಕೆಂದಿಲ್ಲ.

ಕಾಯಿಲೆಯ ಮಾತು ಎತ್ತಿದ್ದೀರಿ. 2022ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ದೀರ್ಘಕಾಲದ ಶೋಕದ ತೊಂದರೆ ಎಂಬ ರೋಗನಿರ್ಣಯ ಸೇರಿತು. ವಯಸ್ಕರಲ್ಲಿ ಸಾವು ಕಳೆದು ಕನಿಷ್ಠ ಒಂದು ವರ್ಷವಾಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಆರು ತಿಂಗಳು. ಆದರೆ ಬರೀ ಕಾಲ ಕಳೆದರೆ ಕಾಯಿಲೆಯಾಗುವುದಿಲ್ಲ. ದಿನವೂ ಎನ್ನುವಷ್ಟು ತೀವ್ರವಾದ ಹಂಬಲ, ಬದುಕಿಗೆ ಅರ್ಥವೇ ಇಲ್ಲವೆನ್ನಿಸುವುದು, ಕೆಲಸ, ಮನೆ, ಜನ ಯಾವುದೂ ನಡೆಯದ ಸ್ಥಿತಿ ಇರಬೇಕು. ಈಕೆ ಪ್ರವಾಸ ಯೋಜಿಸಿದ್ದಾರೆ, ಹೋಗಿದ್ದಾರೆ, ಬಂದಿದ್ದಾರೆ, ಪಾತ್ರೆ ತೊಳೆಯುತ್ತಿದ್ದಾರೆ. ಒಂದು ಅಂಗಿ ಒಯ್ದರೆ ಕಾಯಿಲೆ ಎನ್ನುವುದಾದರೆ ಪರ್ಸಿನಲ್ಲಿ ತಂದೆಯ ಫೋಟೋ ಇಟ್ಟುಕೊಂಡವರನ್ನೆಲ್ಲ ಆಸ್ಪತ್ರೆಗೆ ಸೇರಿಸಬೇಕಾದೀತು.

ಅಗಲಿದವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂದು 1917ರಲ್ಲಿ ಬರೆದವರು ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್. ಮೂರು ವರ್ಷ ಕಳೆಯುವಷ್ಟರಲ್ಲಿ, 1920ರ ಜನವರಿಯಲ್ಲಿ, ಅವರ ಮಗಳು ಸೋಫಿ ಜ್ವರದಿಂದ ತೀರಿಕೊಂಡಳು. 1929ರಲ್ಲಿ, ಅವಳಿದ್ದಿದ್ದರೆ ಮೂವತ್ತಾರು ತುಂಬುತ್ತಿದ್ದ ದಿನ, ಮಗನನ್ನು ಕಳೆದುಕೊಂಡಿದ್ದ ಸ್ನೇಹಿತ ಬಿನ್ಸ್‌ವಾಂಗರ್ ಅವರಿಗೆ ಫ್ರಾಯ್ಡ್ ಪತ್ರ ಬರೆದರು. ತೀವ್ರವಾದ ದುಃಖ ಇಳಿಯುತ್ತದೆ, ಆದರೆ ಆ ಜಾಗಕ್ಕೆ ಇನ್ನೊಂದು ಬರುವುದಿಲ್ಲ, ಬಂದರೂ ಅದು ಬೇರೆಯದೇ ಆಗಿರುತ್ತದೆ ಎಂಬುದು ಅದರ ಸಾರ. ಒಂಬತ್ತು ವರ್ಷದ ನಂತರವೂ ಅವರು ಮಗಳ ವಯಸ್ಸನ್ನು ಎಣಿಸುತ್ತಿದ್ದರು. ಪುತ್ರಶೋಕಂ ನಿರಂತರಂ ಎಂದು ನಮ್ಮ ಹಿರಿಯರು ಅಷ್ಟೆಲ್ಲ ಪುಟ ಬರೆಯದೆ ಹೇಳಿದ್ದರು.

ನೇರಮಾತು

ಸರಿ, ಕಾಯಿಲೆ ಎಂದದ್ದು ಹೆಚ್ಚಾಯಿತು, ಹಿಂತೆಗೆದುಕೊಳ್ಳುತ್ತೇನೆ. ನ್ಯಾಯಾಲಯದ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಗುರುತಿಲ್ಲದವರ ಮುಂದೆ ಮನೆಯ ದುಃಖ ಬಿಚ್ಚಿಡದಿರುವ ಹಕ್ಕು ಗಂಡನಿಗೂ ಇದೆ.

ಒಬ್ಬಅಪ್ಪ

ಆ ಹಕ್ಕಿನ ಬಗ್ಗೆ ನಾನು ಬರೆಯಬೇಕು, ಏಕೆಂದರೆ ನಾನೂ "ಒಬ್ಬಳು" ಎನ್ನುವವನೇ. ನನ್ನ ದೊಡ್ಡ ಮಗ ಹೋಗಿ ಹದಿಮೂರು ವರ್ಷವಾಯಿತು.

ತಂಗಿ, ನಿಮ್ಮ ಯಜಮಾನರು ಹಾಗೆ ಹೇಳಿದಾಗ ಅವರ ತಲೆಯಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ನನ್ನ ತಲೆಯಲ್ಲಿ ಏನಿರುತ್ತದೆ ಎಂದು ಹೇಳುತ್ತೇನೆ. "ಇಬ್ಬರು" ಎಂದ ಕೂಡಲೇ ಎರಡನೆಯ ಪ್ರಶ್ನೆ ಬರುತ್ತದೆ: ದೊಡ್ಡವನು ಏನು ಮಾಡುತ್ತಿದ್ದಾನೆ? ಅಲ್ಲಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಹೇಳಿದರೆ ಎದುರಿನವರ ಮುಖ ಇಳಿಯುತ್ತದೆ, ಅವರು ತಡವರಿಸುತ್ತಾರೆ, ಕೊನೆಗೆ ನಾನೇ ಅವರಿಗೆ "ಪರವಾಗಿಲ್ಲ, ಬಿಡಿ" ಎಂದು ಸಮಾಧಾನ ಹೇಳಬೇಕಾಗುತ್ತದೆ. ಮಗನ ಸಾವಿಗೆ ಪರವಾಗಿಲ್ಲ ಎಂದು ನನ್ನ ಬಾಯಿಂದಲೇ ಬರುತ್ತದೆ. ಅದನ್ನು ತಪ್ಪಿಸಿಕೊಳ್ಳಲು "ಒಬ್ಬಳು" ಎನ್ನುತ್ತೇನೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅವನ ಹೆಸರನ್ನು ಒಮ್ಮೆ ಹೇಳಿಕೊಳ್ಳುತ್ತೇನೆ. ಇದನ್ನು ನನ್ನ ಹೆಂಡತಿಗೆ ಹೇಳಿದ್ದು ಹತ್ತು ವರ್ಷ ಕಳೆದ ಮೇಲೆ. ಅಷ್ಟು ವರ್ಷ ಅವಳು ನಾನು ಅವನನ್ನು ಲೆಕ್ಕದಿಂದ ಅಳಿಸಿದ್ದೇನೆ ಎಂದುಕೊಂಡಿದ್ದಳು.

1999ರಲ್ಲಿ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಸ್ಕುಟ್ ಎಂಬ ಸಂಶೋಧಕರು ಒಂದು ಮಾದರಿ ಮುಂದಿಟ್ಟರು. ದುಃಖಿಸುವವರು ಎರಡು ಕಡೆಗೆ ಹೋಗಿ ಬರುತ್ತಿರುತ್ತಾರೆ. ಒಮ್ಮೆ ನಷ್ಟದ ಕಡೆಗೆ, ಒಮ್ಮೆ ಮುಂದಿನ ಬದುಕಿನ ಕಡೆಗೆ. ಎರಡೂ ಬೇಕು, ಒಂದರಲ್ಲೇ ನಿಂತರೆ ತೊಂದರೆ. ಆಪ್ತಸಮಾಲೋಚಕರೊಬ್ಬರು ಇದನ್ನು ಹೇಳಿದಾಗ ನಾನು ಕೇಳಿದ್ದು ಒಂದೇ: ಗಂಡ ಆ ಕಡೆ ಹೋದಾಗ ಹೆಂಡತಿ ಈ ಕಡೆ ಇದ್ದರೆ? "ಹೆಚ್ಚಿನ ಮನೆಗಳಲ್ಲಿ ಹಾಗೆಯೇ ಇರುತ್ತದೆ" ಎಂದರು. ನಿಮ್ಮ ಮೇಜಿನಲ್ಲಿ ಆದದ್ದು ಅದೇ. ನಿಮ್ಮಿಬ್ಬರ ಮಾತು ಒಂದೇ ಕ್ಷಣದಲ್ಲಿ ಬಂದದ್ದರಿಂದ ಅದು ಕೇಳಿಸಿತು, ಅಷ್ಟೇ.

ಅವರು ಬರಿಗಾಲಲ್ಲಿ ಓಣಿಯ ಕೊನೆಯವರೆಗೆ ಹೋಗಿ ಬಂದದ್ದನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ.

ಜೀವಕೋಶ

ಜೀವಶಾಸ್ತ್ರ ಕಲಿಸುವವಳು ನಾನು, ಇದನ್ನು ಹೇಳದೆ ಇರಲಾಗುತ್ತಿಲ್ಲ. ಗರ್ಭದಲ್ಲಿರುವ ಮಗುವಿನ ಜೀವಕೋಶಗಳು ತಾಯಿಯ ರಕ್ತಕ್ಕೆ ದಾಟುತ್ತವೆ. 1996ರಲ್ಲಿ ಡಯಾನಾ ಬಿಯಾಂಚಿ ಮತ್ತು ಸಂಗಡಿಗರು, ಗಂಡುಮಗು ಹೆತ್ತ ತಾಯಿಯೊಬ್ಬರ ರಕ್ತದಲ್ಲಿ ಹೆರಿಗೆಯಾದ 27 ವರ್ಷದ ನಂತರವೂ ಗಂಡು ವರ್ಣತಂತುವಿರುವ ಜೀವಕೋಶಗಳನ್ನು ಕಂಡರು. ಅವು ಅಲ್ಲಿ ಏನು ಮಾಡುತ್ತವೆ ಎಂಬ ಬಗ್ಗೆ ಚರ್ಚೆ ಇದೆ. ಇರುತ್ತವೆ ಎಂಬುದರ ಬಗ್ಗೆ ಇಲ್ಲ. ನೀವು "ಇಬ್ಬರು" ಎಂದದ್ದು ಸುಳ್ಳಲ್ಲ, ಅಕ್ಕ.

ಬೇಲಿಹೂ

ಒಳ್ಳೆಯ ಉದ್ದೇಶದಿಂದ ಬರೆದಿದ್ದೀರಿ ಎಂದು ಗೊತ್ತು, ಆದರೂ ಚುಚ್ಚಿತು. ನಾನು ದತ್ತು ತೆಗೆದುಕೊಂಡ ಮಗಳನ್ನು ಕಳೆದುಕೊಂಡವಳು. ನನ್ನ ರಕ್ತದಲ್ಲಿ ಅವಳ ಒಂದು ಕೋಶವೂ ಇಲ್ಲ. ಅಪ್ಪಂದಿರ ರಕ್ತದಲ್ಲೂ ಇಲ್ಲ. ಹಾಗಾದರೆ ನಮ್ಮ ಲೆಕ್ಕ?

ಜೀವಕೋಶ

ನಾನು ಹಾಗೆ ಯೋಚಿಸಲೇ ಇಲ್ಲ. ಕ್ಷಮಿಸಿ. ಸೂಕ್ಷ್ಮದರ್ಶಕ ಹಿಡಿದು ಸಮಾಧಾನ ಹೇಳಲು ಹೋಗಬಾರದಿತ್ತು.

ಬೇಲಿಹೂ

ಕ್ಷಮೆ ಬೇಡ. ಓದಿ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಉಪ್ಪುಗಾಳಿ

ಸ್ವಲ್ಪ ಬೇರೆ ವಿಷಯ, ಆದರೆ ಇಲ್ಲಿ ತಿಳಿದವರಿದ್ದಾರೆ ಎಂದು ಕೇಳುತ್ತಿದ್ದೇನೆ. ನಮ್ಮ ಮಗುವಿನ ಚಿತಾಭಸ್ಮದ ಒಂದು ಪಾಲನ್ನು ಇನ್ನೂ ಇಟ್ಟುಕೊಂಡಿದ್ದೇವೆ. ಮುಂದಿನ ವರ್ಷ ಹಡಗಿನಲ್ಲಿ ಹೋಗುವಾಗ ಸಮುದ್ರಕ್ಕೆ ಬಿಡಬಹುದೇ? ಬಾಲ್ಕನಿಯಿಂದ ಸದ್ದಿಲ್ಲದೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ನನ್ನ ತಮ್ಮ ಹೇಳುತ್ತಿದ್ದಾನೆ.

ಕೆಳಅಂತಸ್ತು

ತಮ್ಮನ ಮಾತು ಕೇಳಬೇಡಿ. ಹಡಗು ಚಲಿಸುವಾಗ ಪಕ್ಕದಲ್ಲಿ ಗಾಳಿ ಸುಳಿ ಸುತ್ತುತ್ತದೆ. ಬಿಟ್ಟದ್ದು ಸಮುದ್ರಕ್ಕೆ ಹೋಗುವ ಬದಲು ಕೆಳಗಿನ ಬಾಲ್ಕನಿಗೋ ನಿಮ್ಮ ಮೇಲೆಯೋ ಬರುತ್ತದೆ. ಮರುದಿನ ಬೆಳಿಗ್ಗೆ ಅದನ್ನು ಒರೆಸುವವನು ನನ್ನಂಥವನು, ಏನು ಒರೆಸುತ್ತಿದ್ದೇನೆ ಎಂದು ಅವನಿಗೆ ತಿಳಿಯುವುದೂ ಇಲ್ಲ. ನನಗೆ ಒಮ್ಮೆ ಆಮೇಲೆ ತಿಳಿಯಿತು. ಆ ದಿನ ಊಟ ಮಾಡಲಾಗಲಿಲ್ಲ.

ಪ್ರವಾಸ ಕಾಯ್ದಿರಿಸುವಾಗಲೇ ಹಡಗಿನ ಸಂಸ್ಥೆಗೆ ಬರೆದು ಕೇಳಿ. ಒಪ್ಪುವ ಸಂಸ್ಥೆಗಳು ಸಮಯ ಗೊತ್ತುಮಾಡಿ ಹಿಂಭಾಗದ ತಗ್ಗಿನ ಅಂತಸ್ತಿಗೆ ಕರೆದೊಯ್ಯುತ್ತವೆ, ಒಬ್ಬ ಅಧಿಕಾರಿ ಜೊತೆಗಿರುತ್ತಾರೆ. ನೀರಿನಲ್ಲಿ ಕರಗುವ ಪಾತ್ರೆಯೇ ಬೇಕು. ಸಮುದ್ರಕ್ಕೆ ಪ್ಲಾಸ್ಟಿಕ್ ಹಾಕುವುದನ್ನು ಅಂತಾರಾಷ್ಟ್ರೀಯ ನಿಯಮ ಪೂರ್ತಿ ನಿಷೇಧಿಸಿದೆ, ಆದ್ದರಿಂದ ಪ್ಲಾಸ್ಟಿಕ್ ದಾರದ ಹೂವಿನ ಹಾರವೂ ಬೇಡ, ಬಿಡಿ ಹೂ ತನ್ನಿ. ದೂರದ ನಿಯಮ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ನಿಯಮದ ಪ್ರಕಾರ ತೀರದಿಂದ ಕನಿಷ್ಠ 3 ನಾಟಿಕಲ್ ಮೈಲಿ, ಬಿಟ್ಟ 30 ದಿನದೊಳಗೆ ಅಲ್ಲಿನ ಪರಿಸರ ಇಲಾಖೆಗೆ ತಿಳಿಸಬೇಕು. ಹಡಗಿನವರನ್ನು ಕೇಳಿದರೆ ಆ ಜಾಗದ ಅಕ್ಷಾಂಶ ರೇಖಾಂಶ ಬರೆದು ಕೊಡುತ್ತಾರೆ. ಕೇಳಿ ಪಡೆದುಕೊಳ್ಳಿ.

ಎರಡನೆಯವಳು

ಇಷ್ಟು ಹೊತ್ತು ಓದಿದೆ. ಅಮ್ಮ ಬರೆದಿದ್ದಾರೆ, ಅಪ್ಪನ ಪರವಾಗಿ ಒಬ್ಬರು ಬರೆದಿದ್ದಾರೆ. ತಟ್ಟೆಯಿಂದ ತಲೆ ಎತ್ತದ ಹುಡುಗಿಯ ಬಗ್ಗೆ ಯಾರೂ ಬರೆದಿಲ್ಲ. ನಾನು ಆ ಹುಡುಗಿಯಾಗಿದ್ದೆ, ಈಗ ನನಗೆ ಮೂವತ್ತೆಂಟು.

ನನ್ನ ಅಣ್ಣ ಹೋದಾಗ ನನಗೆ ಒಂಬತ್ತು. ಅಮ್ಮ ಅಂದಿನಿಂದ ಎಲ್ಲರಿಗೂ "ಒಬ್ಬಳೇ ಮಗಳು" ಎನ್ನತೊಡಗಿದರು. ಅವರಿಗೆ ಅದು ಸುಲಭವಿತ್ತೆಂದು ನಾನು ಹೇಳುವುದಿಲ್ಲ. ಆದರೆ ಪ್ರತಿ ಸಲ ಅದನ್ನು ಕೇಳಿದಾಗಲೂ ನನಗೆ ಅನ್ನಿಸುತ್ತಿದ್ದುದು: ಒಬ್ಬರು ಸತ್ತರೆ ಈ ಮನೆಯಲ್ಲಿ ಲೆಕ್ಕದಿಂದ ತೆಗೆಯುತ್ತಾರೆ, ನಾಳೆ ನಾನು ಸತ್ತರೂ ತೆಗೆಯುತ್ತಾರೆ. ಮಕ್ಕಳ ತಲೆ ಹಾಗೆ ಓಡುತ್ತದೆ. ಅದಕ್ಕೆ ತದ್ವಿರುದ್ಧ ನನ್ನ ಗೆಳತಿಯ ಮನೆ. ಅಲ್ಲಿ ತೀರಿಕೊಂಡ ತಂಗಿಯ ಹೆಸರು ದಿನಕ್ಕೆ ಹತ್ತು ಸಲ. ಗೆಳತಿ ಏನು ಮಾಡಿದರೂ ಸತ್ತವಳಿಗೆ ಹೋಲಿಕೆ. ಅವಳೂ ಸುಖವಾಗಿರಲಿಲ್ಲ. ಆದ್ದರಿಂದ ಸಂಖ್ಯೆ ಯಾವುದು ಸರಿ ಎಂದು ನಾನು ಹೇಳಲಾರೆ. ನನ್ನನ್ನು ಯಾರೂ ಕೇಳಲಿಲ್ಲ ಎನ್ನುವುದಷ್ಟೇ ಇನ್ನೂ ಉಳಿದಿದೆ.

ನಿಮ್ಮ ಮಗಳನ್ನು ಕೇಳಿ, ಅಕ್ಕ. ಅವಳಿಗೂ ದಿನವೂ ಇದೇ ಪ್ರಶ್ನೆ ಬರುತ್ತಿರುತ್ತದೆ. ಶಾಲೆಯಲ್ಲಿ, ಆಟದಲ್ಲಿ, ಹೊಸ ಗೆಳತಿಯರಿಂದ. ನಾಲ್ಕು ವರ್ಷದಿಂದ ಅವಳು ಏನೋ ಒಂದು ಉತ್ತರ ಕೊಡುತ್ತಿದ್ದಾಳೆ.

ಹಿತ್ತಿಲಬಾಗಿಲು

ಮೂರು ದಿನ ಏನೂ ಬರೆಯಲಿಲ್ಲ, ಓದುತ್ತಿದ್ದೆ. ಎಲ್ಲರಿಗೂ ಒಟ್ಟಿಗೆ ಉತ್ತರಿಸುತ್ತಿದ್ದೇನೆ.

ಕಾರಿನಲ್ಲಿ ತೂಗಾಟ ನಿಲ್ಲುತ್ತದೆ, ಇಳಿದರೆ ಮರಳುತ್ತದೆ. ವೈದ್ಯರು ಹೇಳಿದ ಗುರುತು ಸರಿಯಾಗಿದೆ. ಗುರುವಾರ ತೋರಿಸಲು ಹೋಗುತ್ತಿದ್ದೇವೆ. ಒಂದು ವಿಚಿತ್ರ ಹೇಳುತ್ತೇನೆ, ನಗಬೇಡಿ. ಇದು ಪೂರ್ತಿ ನಿಂತುಬಿಟ್ಟರೆ ಎಂದು ಸ್ವಲ್ಪ ಭಯವೂ ಇದೆ. ಹಾಗೆ ಕಾಲು ಬದಲಿಸಿ ನಿಂತು ಎಷ್ಟು ವರ್ಷವಾಗಿತ್ತು.

ಎರಡನೆಯವಳು, ನಿಮ್ಮ ಮಾತು ಓದಿದ ರಾತ್ರಿ ಮಗಳ ಪಕ್ಕದಲ್ಲಿ ಮಲಗಿ ಕೇಳಿದೆ. ಯಾರಾದರೂ ನಿನಗೆ ಒಡಹುಟ್ಟಿದವರಿದ್ದಾರೆಯೇ ಎಂದರೆ ಏನು ಹೇಳುತ್ತೀಯ? ಅವಳು ಯೋಚಿಸಲೇ ಇಲ್ಲ. "ನಾನು ಅಕ್ಕ ಎನ್ನುತ್ತೇನೆ" ಎಂದಳು. ಅಷ್ಟೇನಾ ಎಂದೆ. "ಅಷ್ಟೇ. ಹೆಚ್ಚಿನವರು ಮುಂದೆ ಕೇಳುವುದಿಲ್ಲ. ಕೇಳಿದವರಿಗೆ ಹೇಳುತ್ತೇನೆ." ಮತ್ತೆ ಆ ಕಡೆ ತಿರುಗಿ ಮಲಗಿದವಳು ಕತ್ತಲಲ್ಲಿ ಸೇರಿಸಿದಳು: "ಅಪ್ಪ ಅವತ್ತು ಒಬ್ಬಳು ಎಂದಾಗ ನನಗೆ ಬೇಜಾರಾಗಲಿಲ್ಲ. ನೀವಿಬ್ಬರೂ ಆಮೇಲೆ ಮಾತನಾಡಲಿಲ್ಲವಲ್ಲ, ಅದಕ್ಕೆ ಬೇಜಾರಾಯಿತು."

ಏಳು ರಾತ್ರಿ ನಾವು ಅವಳಿಂದ ಮುಚ್ಚಿಟ್ಟಿದ್ದೇವೆ ಎಂದುಕೊಂಡಿದ್ದು ಅದನ್ನೇ. ನೇರಮಾತು ಅವರೇ, ಅವಳ ಖುಷಿ ಕೆಟ್ಟದ್ದು ನಿಜ, ಕೆಡಿಸಿದ್ದು ಅಂಗಿಯಲ್ಲ.

ಒಬ್ಬಅಪ್ಪ ಅವರು ಬರೆದದ್ದನ್ನು ಯಜಮಾನರಿಗೆ ಓದಲು ಕೊಟ್ಟೆ. ಮೊಬೈಲ್ ಹಿಡಿದು ಬಹಳ ಹೊತ್ತು ಓದಿದರು. ನಲ್ಲಿಯ ವಿಷಯಕ್ಕೆ ಬಂದಾಗ ಮೊಬೈಲ್ ಕೆಳಗಿಟ್ಟರು. "ನಾನು ಕಾರಿನಲ್ಲಿ" ಎಂದರು. ನನಗೆ ಮೊದಲು ಅರ್ಥವಾಗಲಿಲ್ಲ. ಕಾರಿನಲ್ಲಿ ಒಬ್ಬರೇ ಇರುವಾಗ ಅವನ ಹೆಸರು ಹೇಳುತ್ತಾರಂತೆ. ಓಣಿಯ ಬಗ್ಗೆಯೂ ಕೇಳಿದೆ. ಅಂದು ಅವರು ನಮ್ಮ ಓಣಿಯೊಂದಕ್ಕೇ ಹೋದದ್ದಲ್ಲ, ಮೆಟ್ಟಿಲಿಳಿದು ಇನ್ನೆರಡು ಅಂತಸ್ತು ನೋಡಿ ಬಂದಿದ್ದರು.

ಇನ್ನೊಂದು ಇದೆ. ಆ ಮೇಜಿನ ಅಮ್ಮ ಇಳಿಯುವ ದಿನ ನನ್ನ ನಂಬರ್ ಬರೆದುಕೊಂಡಿದ್ದರು. ಮೊನ್ನೆ ಒಂದು ಫೋಟೋ ಕಳುಹಿಸಿದ್ದಾರೆ, ಕೊನೆಯ ರಾತ್ರಿ ಅವರ ಯಜಮಾನರು ತೆಗೆದದ್ದು. ನಾವು ಮೂವರು ಒಂದು ಕಡೆ ಕುಳಿತಿದ್ದೇವೆ, ನಮ್ಮ ಸಾಲಿನಲ್ಲಿ ಒಂದು ಕುರ್ಚಿ ಖಾಲಿ. ನಾಲ್ಕು ಜನರ ಸಾಲು ಅದು. ಫೋಟೋದ ಕೆಳಗೆ ಏನೂ ಬರೆದಿರಲಿಲ್ಲ.

ನಿನ್ನೆ ರಾತ್ರಿ ಉತ್ತರ ಬರೆದೆ. ಕಳುಹಿಸುವ ಮೊದಲು ಇವರಿಗೆ ತೋರಿಸಿದೆ: "ಅಮ್ಮ, ಫೋಟೋಗೆ ಧನ್ಯವಾದ. ಅಂದು ನಾವಿಬ್ಬರೂ ಎರಡು ಉತ್ತರ ಕೊಟ್ಟೆವು, ನೀವು ಕೇಳಿಸಿಕೊಂಡೂ ಸುಮ್ಮನಿದ್ದಿರಿ. ನಮಗೆ ಇಬ್ಬರು ಮಕ್ಕಳು. ಚಿಕ್ಕವನು ಈಗ ಇಲ್ಲ. ಹೋದಾಗ ಅವನಿಗೆ ಆರು ವರ್ಷ."

ಇವರು ಓದಿದರು. ಮೊಬೈಲ್ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಒಂದೊಂದೇ ಅಕ್ಷರ ಹುಡುಕಿ ಏನೋ ಸೇರಿಸಿ ಹಿಂದಕ್ಕೆ ಕೊಟ್ಟರು. ಕೊನೆಯ ಸಾಲು ಈಗ ಹೀಗಿತ್ತು: "ಹೋದಾಗ ಅವನಿಗೆ ಆರು ವರ್ಷ, ಎರಡು ತಿಂಗಳು, ಹನ್ನೊಂದು ದಿನ."

ಹಾಗೆಯೇ ಕಳುಹಿಸಿದೆವು.